ಟ್ರಿಪೋಲಿ ಯುದ್ಧ ಮತ್ತು ಅಮೆರಿಕದ ಕಾನ್ಸುಲರು

ಉತ್ತರ ಆಫ್ರಿಕಾದ ಅಲ್ಜೀರ್ಸ್, ಟ್ಯೂನಿಸ್, ಟ್ರಿಪೋಲಿ ಮತ್ತು ಮೊರಾಕ್ಕೊ ರಾಜ್ಯಗಳು ಮೆಡಿಟರೇನಿಯನ್ ಸಮುದ್ರದಲ್ಲಿ ವ್ಯಾಪಾರ ನಡೆಸುತ್ತಿದ್ದ ರಾಷ್ಟ್ರಗಳಿಂದ ಕಪ್ಪಕಾಣಿಕೆ ಪಡೆಯುತ್ತಿದ್ದವು. ನೀಡದವರ ಹಡಗುಗಳನ್ನು ವಶಪಡಿಸಿಕೊಂಡು ನಾವಿಕರನ್ನು ಸೆರೆಯಲ್ಲಿಡುತ್ತಿದ್ದವು. ಸ್ವಾತಂತ್ರ್ಯ ಪಡೆದ ಅಮೆರಿಕಕ್ಕೆ ಬ್ರಿಟಿಷ್ ನೌಕಾಪಡೆಯ ರಕ್ಷಣೆ ತಪ್ಪಿದ್ದರಿಂದ ಸಂಧಾನದ ಹೊಣೆ ಕಾನ್ಸುಲರ ಮೇಲೆ ಬಿದ್ದಿತು. ಟ್ರಿಪೋಲಿಯ ಕಾನ್ಸುಲ್ ಜೇಮ್ಸ್ ಕ್ಯಾತ್‌ಕಾರ್ಟ್ ಸ್ವತಃ ಹಿಂದೆ ಅಲ್ಜೀರ್ಸ್‌ನಲ್ಲಿ ಸುಮಾರು 11 ವರ್ಷ ಬಂದಿಯಾಗಿದ್ದವನು.

ಹೆಚ್ಚಿನ ಹಣಕ್ಕಾಗಿ ಪಟ್ಟುಹಿಡಿದ ಟ್ರಿಪೋಲಿಯ ಪಾಷಾ ಯೂಸುಫ್ ಕರಮಾನ್ಲಿ, 1801ರ ಮೇ 14ರಂದು ಅಮೆರಿಕದ ಕಾನ್ಸುಲ್ ಕಚೇರಿಯ ಧ್ವಜಸ್ತಂಭವನ್ನು ಕಡಿಸಿ ಯುದ್ಧ ಸಾರಿದನು. 1803ರ ಅಕ್ಟೋಬರ್ 31ರಂದು ‘ಫಿಲಡೆಲ್ಫಿಯಾ’ ಯುದ್ಧನೌಕೆ ಟ್ರಿಪೋಲಿ ಬಳಿ ನೆಲಕಚ್ಚಿತು. 300ಕ್ಕೂ ಹೆಚ್ಚು ಮಂದಿ ಸೆರೆಯಾದರು. 1804ರ ಫೆಬ್ರವರಿ 16ರ ರಾತ್ರಿ ಸ್ಟೀಫನ್ ಡಿಕೇಟರ್ ಬಂದರಿಗೆ ನುಗ್ಗಿ ಆ ನೌಕೆಯನ್ನು ಸುಟ್ಟುಹಾಕಿದನಾದರೂ ಬಂದಿಗಳ ಬಿಡುಗಡೆಯಾಗಲಿಲ್ಲ.

ಟ್ಯೂನಿಸ್‌ನಲ್ಲಿ ಕಾನ್ಸುಲ್ ಆಗಿದ್ದ ವಿಲಿಯಂ ಈಟನ್ ಬೇರೊಂದು ಮಾರ್ಗ ಹಿಡಿದನು. ಪದಚ್ಯುತನಾಗಿದ್ದ ಪಾಷಾನ ಅಣ್ಣ ಹಮೆತ್‌ನನ್ನು ಗಾದಿಗೇರಿಸುವ ಉದ್ದೇಶದಿಂದ ಅಲೆಕ್ಸಾಂಡ್ರಿಯಾ ಕಡೆಯಿಂದ ಮರುಭೂಮಿ ದಾಟಿ, 1805ರ ಏಪ್ರಿಲ್ 27ರಂದು ಡೆರ್ನಾ ಪಟ್ಟಣವನ್ನು ಗೆದ್ದನು. ಅಷ್ಟರಲ್ಲಿ ಅಲ್ಜೀರ್ಸ್‌ನ ಕಾನ್ಸುಲ್ ಜನರಲ್ ಟೋಬಿಯಾಸ್ ಲಿಯರ್ ಪಾಷಾನೊಂದಿಗೆ ಮಾತುಕತೆಗೆ ಮುಂದಾಗಿದ್ದನು. ಜೂನ್‌ನಲ್ಲಿ ಆದ ಒಪ್ಪಂದದಂತೆ 60,000 ಡಾಲರ್ ತೆತ್ತು ಬಂದಿಗಳನ್ನು ಬಿಡಿಸಲಾಯಿತು. ವಾರ್ಷಿಕ ಕಪ್ಪದ ಬೇಡಿಕೆ ಕೊನೆಗೊಂಡಿತು.

ಆದರೆ ಅಮೆರಿಕವನ್ನು ನಂಬಿ ಬಂದಿದ್ದ ಹಮೆತ್ ಡೆರ್ನಾವನ್ನು ತೊರೆಯಬೇಕಾಯಿತು. ರಹಸ್ಯ ಕಲಮೊಂದರ ಮೇರೆಗೆ ಅವನ ಹೆಂಡತಿ, ಮಕ್ಕಳು ಪಾಷಾನ ಒತ್ತೆಯಲ್ಲೇ ಉಳಿದರು; ಅವರ ಬಿಡುಗಡೆಯಾದುದು 1807ರಲ್ಲಿ. ಒಂದೇ ಸರ್ಕಾರದ ಒಬ್ಬ ಪ್ರತಿನಿಧಿ ಕೊಟ್ಟ ಭರವಸೆಯನ್ನು ಮತ್ತೊಬ್ಬನ ಸಹಿ ಅಳಿಸಿಹಾಕಿತ್ತು.