ಹೊಕ್ಕುಳಬಳ್ಳಿಯ ಸಾಕ್ಷಿ

ಮಗುವಿನ ಹೊಕ್ಕುಳಬಳ್ಳಿ ಒಣಗಿ ಬಿದ್ದ ಮೇಲೆ ಅದನ್ನು ಎಸೆಯದೆ ಜೋಪಾನ ಮಾಡುವ ಪದ್ಧತಿ ನಮ್ಮ ಕೆಲವು ಮನೆಗಳಲ್ಲಿದೆ. ತಾಯತದೊಳಗಿಟ್ಟು ಮಗುವಿಗೆ ಕಟ್ಟುವವರೂ ಉಂಟು. ಜಪಾನಿನ ತಾಯಂದಿರ ಅಕ್ಕರೆಯೂ ಇಂಥದೇ. ಅವರು ಅದನ್ನು ಪುಟ್ಟದೊಂದು ಮರದ ಪೆಟ್ಟಿಗೆಯಲ್ಲಿಟ್ಟು, ಮಗು ಹುಟ್ಟಿದ ದಿನವನ್ನು ಬರೆದು ತೆಗೆದಿಡುತ್ತಾರೆ. ಓದಿದವರು ಮೂಢನಂಬಿಕೆ ಎಂದು ನಕ್ಕುಬಿಡಬಹುದು. ಆದರೆ ಈ ಪೆಟ್ಟಿಗೆಗಳೇ ಕಳೆದ ಶತಮಾನದ ಒಂದು ದೊಡ್ಡ ವಿಷಪ್ರಕರಣದಲ್ಲಿ ಸಾಕ್ಷಿ ನುಡಿದವು. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿರುವ ನನಗೆ ರಾಜಮಹಾರಾಜರ ತಾಮ್ರಪಟಗಳಿಗಿಂತ ಈ ಪೆಟ್ಟಿಗೆಗಳ ಮೇಲೆಯೇ ಗೌರವ ಹೆಚ್ಚು.

ಆ ಊರು ಮಿನಾಮಾಟ. ಜಪಾನಿನ ದಕ್ಷಿಣಕ್ಕಿರುವ ಕ್ಯೂಶು ದ್ವೀಪದ ಕಡಲತೀರದಲ್ಲಿದೆ. 1908ರಲ್ಲಿ ಅಲ್ಲಿಗೊಂದು ರಾಸಾಯನಿಕ ಕಾರ್ಖಾನೆ ಬಂತು. ಮುಂದೆ ಚಿಸ್ಸೊ ಎಂದು ಹೆಸರಾದದ್ದು ಅದೇ. ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತಿದ್ದುದು ಅದರ ಸಂಬಳದಿಂದ. 1932ರಿಂದ ಅಲ್ಲಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕದ ತಯಾರಿಕೆಗೆ ಪಾದರಸವನ್ನು ಬಳಸತೊಡಗಿದರು. ಅದರಲ್ಲೊಂದಿಷ್ಟು ಪಾಲು ಮೀಥೈಲ್ ಪಾದರಸವೆಂಬ ಘೋರ ವಿಷವಾಗಿ, ಕೊಳೆನೀರಿನ ಜೊತೆ ಕೊಲ್ಲಿಗೆ ಹರಿಯಿತು. ಸಣ್ಣ ಜೀವಿಗಳಿಂದ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಬೆಸ್ತರ ಊಟದ ತಟ್ಟೆಗೆ ಬಂತು. ಒಂದೊಂದು ಮೆಟ್ಟಿಲಿಗೂ ವಿಷ ಇನ್ನಷ್ಟು ಗಾಢವಾಗುತ್ತಿತ್ತು.

ಮೊದಲು ಕೆಟ್ಟದ್ದು ಬೆಕ್ಕುಗಳ ಗತಿ. ಮೀನಿನ ತಲೆ, ಕರುಳು ತಿಂದು ಬೆಳೆದ ಬೆಕ್ಕುಗಳು ಹುಚ್ಚೆದ್ದು ಕುಣಿಯುತ್ತ ಸಮುದ್ರಕ್ಕೆ ಬಿದ್ದು ಸಾಯತೊಡಗಿದವು. 1956ರ ಏಪ್ರಿಲ್‌ನಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು ಕಾರ್ಖಾನೆಯದೇ ಆಸ್ಪತ್ರೆಗೆ ಕರೆತಂದರು. ನಡಿಗೆ ತಪ್ಪುತ್ತಿತ್ತು, ಮಾತು ತೊದಲುತ್ತಿತ್ತು. ಕೆಲವೇ ದಿನಗಳಲ್ಲಿ ಅವಳ ತಂಗಿಗೂ ಹಾಗೇ ಆಯಿತು. ಮೇ 1ರಂದು ಆಸ್ಪತ್ರೆಯ ಮುಖ್ಯ ವೈದ್ಯ ಹಜಿಮೆ ಹೊಸೊಕಾವಾ ಅವರು ನರಗಳಿಗೆ ಸಂಬಂಧಿಸಿದ, ಕಾರಣ ತಿಳಿಯದ ಕಾಯಿಲೆಯೊಂದು ಹಬ್ಬಿದೆಯೆಂದು ಆರೋಗ್ಯ ಇಲಾಖೆಗೆ ವರದಿ ಮಾಡಿದರು. ಅಂಟುರೋಗವೆಂಬ ಹೆದರಿಕೆ ಊರನ್ನು ಹಿಡಿಯಿತು. ರೋಗಿಗಳ ಮನೆಯವರನ್ನು ನೆರೆಹೊರೆಯವರು ದೂರವಿಟ್ಟರು.

1959ರ ಜುಲೈನಲ್ಲಿ ಕುಮಾಮೋಟೊ ವಿಶ್ವವಿದ್ಯಾಲಯದ ಸಂಶೋಧಕರು ಇದು ಪಾದರಸದ ವಿಷವೆಂದು ಪ್ರಕಟಿಸಿದರು. ಕಾರ್ಖಾನೆ ಒಪ್ಪಲಿಲ್ಲ. ಅದೇ ವರ್ಷ ಹೊಸೊಕಾವಾ ಅವರು ಕಾರ್ಖಾನೆಯ ಕೊಳೆನೀರನ್ನೇ ಬೆಕ್ಕೊಂದರ ಆಹಾರಕ್ಕೆ ಬೆರೆಸಿ ಪರೀಕ್ಷಿಸಿದರು. ಅದರ ಸಂಖ್ಯೆ 400. ಅಕ್ಟೋಬರ್‌ನಲ್ಲಿ ಆ ಬೆಕ್ಕೂ ಎಳೆತಕ್ಕೆ ಸಿಕ್ಕಿ ಬಿತ್ತು. ಉತ್ತರ ಸಿಕ್ಕಿತ್ತು. ಆದರೆ ಆಡಳಿತದವರು ಪರೀಕ್ಷೆಯನ್ನು ನಿಲ್ಲಿಸಿ ವಿಷಯವನ್ನು ಮುಚ್ಚಿಟ್ಟರು. ಆ ವರ್ಷದ ಕೊನೆಗೆ ರೋಗಿಗಳ ಜೊತೆ ಒಪ್ಪಂದವಾಯಿತು. ಸತ್ತವರಿಗೆ 3 ಲಕ್ಷ ಯೆನ್. ಮುಂದೆ ಕಾರ್ಖಾನೆಯದೇ ತಪ್ಪೆಂದು ಗೊತ್ತಾದರೂ ಮತ್ತೆ ಪರಿಹಾರ ಕೇಳಕೂಡದೆಂಬ ಷರತ್ತೂ ಅದರಲ್ಲಿತ್ತು. ಬೆಕ್ಕಿನ ಸಂಗತಿ ಬಲ್ಲವರು ಮೇಜಿನ ಆಚೆ, ಏನೂ ತಿಳಿಯದ ಬಡವರು ಈಚೆ. ಕೊಳೆನೀರು ಹರಿಯುತ್ತಲೇ ಇತ್ತು.

ಆ ಹೊತ್ತಿಗೆ ಬೆಸ್ತರ ಕೇರಿಗಳಲ್ಲಿ ಕತ್ತು ನಿಲ್ಲದ, ಮಾತು ಬಾರದ ಕೂಸುಗಳು ಹುಟ್ಟುತ್ತಿದ್ದವು. ಅವು ಮೀನು ತಿಂದವಲ್ಲ. ಹಾಗಾಗಿ ಅದು ಬೇರೆ ಕಾಯಿಲೆ ಎಂದರು ವೈದ್ಯರು. ಬಸಿರಿಯ ಮಾಸು ವಿಷವನ್ನು ತಡೆಯುತ್ತದೆ ಎಂಬುದು ಅಂದಿನ ವೈದ್ಯಶಾಸ್ತ್ರದ ನಂಬಿಕೆ. ಮಸಾಜುಮಿ ಹರಾದ ಎಂಬ ಯುವ ವೈದ್ಯರು ಮನೆಮನೆ ಸುತ್ತುವಾಗ ಒಂದೇ ಬಗೆಯಲ್ಲಿ ನರಳುತ್ತಿದ್ದ ಅಣ್ಣತಮ್ಮಂದಿರನ್ನು ಕಂಡರು. ಅಣ್ಣನದು ಮಿನಾಮಾಟ ರೋಗ, ತಮ್ಮನದು ಬೇರೆ ಎಂದು ಕಡತ ಹೇಳುತ್ತಿತ್ತು. ಅವರ ತಾಯಿ ಒಪ್ಪಲಿಲ್ಲ. ಬಸಿರಿನಲ್ಲಿ ಮೀನು ತಿಂದವಳು ನಾನು, ಆ ವಿಷ ಹೊಟ್ಟೆಯಲ್ಲಿದ್ದ ಕೂಸಿಗೆ ಹೋಯಿತು ಎಂಬುದು ಅವಳ ವಾದ. ಡಿಗ್ರಿಯಿಲ್ಲದ ಆ ಹೆಂಗಸಿನ ಮಾತೇ ನಿಜವಾಯಿತು. 1962ರಲ್ಲಿ ಅಂಥ 16 ಮಕ್ಕಳದು ಹುಟ್ಟಿನಿಂದಲೇ ಬಂದ ಮಿನಾಮಾಟ ರೋಗವೆಂದು ಒಪ್ಪಿಕೊಳ್ಳಲಾಯಿತು.

ಹಳೆಯ ವರ್ಷಗಳ ವಿಷವನ್ನು ಅಳೆಯುವುದು ಹೇಗೆ? ಆಗ ನೆರವಾದದ್ದು ತಾಯಂದಿರ ಪೆಟ್ಟಿಗೆಗಳು. ಹರಾದ ಅವರು ಅವನ್ನು ಕೇಳಿ ಪಡೆದು ಪರೀಕ್ಷೆ ಮಾಡಿಸಿದರು. ಕಾರ್ಖಾನೆಯ ಉತ್ಪಾದನೆ ಏರಿದ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹೊಕ್ಕುಳಬಳ್ಳಿಯಲ್ಲಿ ಮೀಥೈಲ್ ಪಾದರಸವೂ ಏರಿತ್ತು. ಕಾರ್ಖಾನೆ ಬಚ್ಚಿಟ್ಟ ಲೆಕ್ಕವನ್ನು ತಾಯಂದಿರು ತಮಗೇ ಅರಿವಿಲ್ಲದೆ, ತಾರೀಖಿನ ಸಮೇತ ಬರೆದಿಟ್ಟಿದ್ದರು.

1968ರ ಮೇ ತಿಂಗಳಲ್ಲಿ ಕಾರ್ಖಾನೆ ಆ ತಯಾರಿಕೆಯನ್ನು ನಿಲ್ಲಿಸಿತು. ಸರ್ಕಾರ ಕಾರಣವನ್ನು ಅಧಿಕೃತವಾಗಿ ಹೇಳಿದ್ದು ಸೆಪ್ಟೆಂಬರ್ 26ರಂದು, ನಾಲ್ಕು ತಿಂಗಳ ನಂತರ! 1970ರಲ್ಲಿ ಹೊಸೊಕಾವಾ ಅವರು ಆಸ್ಪತ್ರೆಯ ಹಾಸಿಗೆಯಿಂದಲೇ ಬೆಕ್ಕಿನ ಸತ್ಯವನ್ನು ನ್ಯಾಯಾಲಯಕ್ಕೆ ಹೇಳಿದರು. ಕೆಲವೇ ತಿಂಗಳಲ್ಲಿ ತೀರಿಕೊಂಡರು. 1973ರ ಮಾರ್ಚ್‌ನಲ್ಲಿ ತೀರ್ಪು ರೋಗಿಗಳ ಪರವಾಗಿ ಬಂತು; 1959ರ ಒಪ್ಪಂದ ರದ್ದಾಯಿತು. ಅಧಿಕೃತವಾಗಿ ಗುರುತಿಸಲಾದ ರೋಗಿಗಳ ಸಂಖ್ಯೆಯೇ 2,200ನ್ನು ಮೀರಿತು. ಪಾದರಸವನ್ನು ನಿಯಂತ್ರಿಸಲು 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಿನಾಮಾಟದ ಹೆಸರನ್ನೇ ಇಟ್ಟರು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು.

ಒಡೆದ ಥರ್ಮಾಮೀಟರಿನ ಬೆಳ್ಳಿಗುಂಡುಗಳನ್ನು ಅಂಗೈಯಲ್ಲಿ ಉರುಳಿಸುವುದು ನಮ್ಮ ಕಾಲದ ಮಕ್ಕಳಿಗೊಂದು ಆಟವಾಗಿತ್ತು. ಕಿಟಕಿ ತೆರೆಯಬೇಕು, ಪೊರಕೆ ಹಾಕಬಾರದು, ದಪ್ಪ ಕಾಗದದಿಂದ ಒಟ್ಟುಗೂಡಿಸಬೇಕು, ಮೋರಿಗೆ ಚೆಲ್ಲಬಾರದು ಎಂಬುದೆಲ್ಲ ಇಂದು ಮೊಬೈಲಿನಲ್ಲೇ ಸಿಗುತ್ತದೆ. ಬಸುರಿಯರು ಶಾರ್ಕ್‌ನಂಥ ದೊಡ್ಡ ಮೀನನ್ನು ಬಿಡಬೇಕು, ಬೂತಾಯಿಯಂಥ ಸಣ್ಣ ಮೀನಿಗೆ ಹೆದರಬೇಕಿಲ್ಲ ಎಂಬ ತಿಳಿವಳಿಕೆಯೂ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಇಂಥ ಮಾಹಿತಿಯನ್ನು ಎಲ್ಲರಿಗೂ ತೆರೆದಿಟ್ಟಿವೆ. ಬಹುಪಾಲು ಇಂಗ್ಲಿಷಿನಲ್ಲಿದೆ, ನಿಜ. ಮನೆಯ ಓದುವ ಮಕ್ಕಳನ್ನು ಕೂರಿಸಿಕೊಂಡು ಅರ್ಥ ಕೇಳೋಣ.

ಆದರೆ ನಮ್ಮೂರ ಕೆರೆಗೆ ಯಾರು ಏನು ಬಿಡುತ್ತಿದ್ದಾರೆ ಎಂಬುದನ್ನು ದೂರದ ಗ್ರಂಥಾಲಯ ಹೇಳಲಾರದು. ಅದನ್ನು ನಾವೇ ನೋಡಬೇಕು. ಕೆರೆಯಲ್ಲಿ ಮೀನು ಸತ್ತು ತೇಲಿದರೆ, ಒಂದೇ ಬೀದಿಯ ಮಕ್ಕಳಿಗೆ ಒಂದೇ ಬಗೆಯ ತೊಂದರೆ ಬಂದರೆ, ತಾರೀಖು ಹಾಕಿ ಬರೆದಿಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಹೆಂಗಸರಿಗೇನು ಗೊತ್ತು ಎಂದು ಯಾರಾದರೂ ಅಂದರೆ, ಆ ತಾಯಿಯ ವಿಷಯ ಹೇಳಿ.