6-ಮಾನೋಅಸಿಟೈಲ್‌ಮಾರ್ಫಿನ್
6-ಮಾನೋಅಸಿಟೈಲ್‌ಮಾರ್ಫಿನ್ ಎಂಬುದು ಹೆರಾಯಿನ್ ದೇಹದಲ್ಲಿ ವಿಭಜನೆಗೊಂಡಾಗ ಉಂಟಾಗುವ ಸಂಯುಕ್ತ. ಮರಣೋತ್ತರ ವಿಷವಿಜ್ಞಾನ ಪರೀಕ್ಷೆಯಲ್ಲಿ ಇದು ಹೆರಾಯಿನ್ ಸೇವನೆಯ ಪ್ರಮುಖ ಸಾಕ್ಷ್ಯವಾಗಿದೆ.

ರಕ್ತದಲ್ಲಿ ಹೆರಾಯಿನ್ ಕೆಲವೇ ನಿಮಿಷಗಳಲ್ಲಿ ಈ ಸಂಯುಕ್ತವಾಗಿಯೂ, ಅನಂತರ ಮಾರ್ಫಿನ್ ಆಗಿಯೂ ಪರಿವರ್ತನೆ ಹೊಂದುತ್ತದೆ. ಮಾರ್ಫಿನ್ ಮಾತ್ರ ಪತ್ತೆಯಾದರೆ ಅದರ ಮೂಲವನ್ನು ನಿರ್ಧರಿಸಲಾಗದು. ನೋವುನಿವಾರಕ ಚುಚ್ಚುಮದ್ದು, ಕೊಡೀನ್ ಇರುವ ಕೆಮ್ಮಿನ ಔಷಧ ಹಾಗೂ ಗಸಗಸೆಯಿಂದಲೂ ಅದು ದೇಹದಲ್ಲಿ ಕಾಣಿಸಿಕೊಳ್ಳಬಹುದು.

ಸಾವಿನ ನಂತರವೂ ರಕ್ತದ ಕಿಣ್ವಗಳು ಈ ಸಂಯುಕ್ತವನ್ನು ವಿಭಜಿಸಬಲ್ಲವು. ಆದ್ದರಿಂದ ಮಾದರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ಶೀತಲೀಕರಿಸಿಡುತ್ತಾರೆ. ಕಣ್ಣುಗುಡ್ಡೆಯೊಳಗಿನ ದ್ರವದಲ್ಲಿ ಇದು ಹೆಚ್ಚು ಕಾಲ ಉಳಿಯುವುದರಿಂದ, ರಕ್ತದಲ್ಲಿ ದೊರೆಯದಿದ್ದರೂ ಅಲ್ಲಿ ಪತ್ತೆಯಾಗುವುದುಂಟು. ಕ್ರೊಮಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿಯ ಜಂಟಿ ವಿಧಾನದಿಂದ ಫಲಿತಾಂಶವನ್ನು ದೃಢಪಡಿಸಲಾಗುತ್ತದೆ. ಇದು ದೊರೆಯಲಿಲ್ಲವೆಂಬ ಮಾತ್ರಕ್ಕೆ ಹೆರಾಯಿನ್ ಸೇವನೆಯನ್ನು ಅಲ್ಲಗಳೆಯಲಾಗದು.