ಬ್ರೂಸ್ಟರ್ ನಿಲ್ದಾಣದ ಬೆಂಕಿ



ವೈದ್ಯನಾದವನು ಆಕಾಶದ ವಿದ್ಯುತ್ತನ್ನು ಕುರಿತು ಮಾತನಾಡುವುದು ಅಧಿಕಪ್ರಸಂಗವೆನಿಸಬಹುದು. ಹೃದಯದ ವಿದ್ಯುತ್ತು ಲಯ ತಪ್ಪುವುದನ್ನು ಬಹುಕಾಲ ಕಂಡವನೆಂದು ಕ್ಷಮಿಸಬೇಕು.

ಗ್ರ್ಯಾಂಡ್ ಸೆಂಟ್ರಲ್‌ನಿಂದ ಉತ್ತರಕ್ಕೆ ಸುಮಾರು 50 ಮೈಲಿ ಹೋದರೆ ಬ್ರೂಸ್ಟರ್ ಎಂಬ ಊರು ಸಿಗುತ್ತದೆ. 1921ರ ಮೇ 14–15ರ ರಾತ್ರಿ ಅಲ್ಲಿಯ ರೈಲು ನಿಲ್ದಾಣದ ಟೆಲಿಗ್ರಾಫ್ ಸ್ವಿಚ್‌ಬೋರ್ಡಿನಿಂದ ಜ್ವಾಲೆ ಚಿಮ್ಮಿತು. ನೌಕರ ಹಿಮ್ಮೆಟ್ಟಿದ, ಕಟ್ಟಡ ಸುಟ್ಟುಹೋಯಿತು. ಸಿಡಿಲು ಬಡಿದಿರಲಿಲ್ಲ. ಆಕಾಶದಲ್ಲಿ ಧ್ರುವಪ್ರಭೆ ಕುಣಿಯುತ್ತಿತ್ತು, ಅಷ್ಟೆ. ನ್ಯೂಯಾರ್ಕ್ ನಗರದ ರೈಲ್ವೆ ಗೋಪುರವೊಂದರ ಬೆಂಕಿಯನ್ನೂ ಇದೇ ಕಾಂತ ಚಂಡಮಾರುತದ ಲೆಕ್ಕಕ್ಕೆ ಬರೆದವರುಂಟು. ಈಚಿನ ಸಂಶೋಧಕರು ಅದನ್ನು ಸಂದೇಹಿಸುತ್ತಾರೆ. ಜೊತೆಗೆ ಘಟಿಸಿದ್ದೆಲ್ಲ ಕಾರಣವಲ್ಲವೆಂಬುದು ರೋಗನಿದಾನದಲ್ಲಿಯೂ ಮೊದಲ ಪಾಠ.

ಸೂರ್ಯನಿಗೂ ಬ್ರೂಸ್ಟರಿನ ತಂತಿಗೂ ನಡುವಣ ಸರಪಣಿಯ ಎರಡು ಕೊಂಡಿಗಳು 1963ರಲ್ಲಿ ದೊರೆತವು. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ನಮ್ಮ ಯು. ಆರ್. ರಾವ್ ಆಗ ಎಂ.ಐ.ಟಿ.ಯಲ್ಲಿದ್ದರು. ಸ್ನೈಡರ್ ಮತ್ತು ನ್ಯೂಗೆಬಾವರ್ ಎಂಬ ವಿಜ್ಞಾನಿಗಳೊಡನೆ ಮ್ಯಾರಿನರ್-2 ನೌಕೆಯ ಅಳತೆಗಳನ್ನು ಪರಿಶೀಲಿಸಿ, ಸೌರಮಾರುತದ ವೇಗ ಹೆಚ್ಚಿದಾಗ ಭೂಮಿಯ ಕಾಂತಕ್ಷೇತ್ರದ ಕ್ಷೋಭೆಯೂ ಹೆಚ್ಚುವುದೆಂದು ಅವರು ತೋರಿಸಿದರು. ಆರ್ಯಭಟ ಉಪಗ್ರಹದ ಶಿಲ್ಪಿಯೆಂದು ಅವರನ್ನು ಎಲ್ಲರೂ ಬಲ್ಲರು. ಈ ಕಾರ್ಯವನ್ನು ನೆನೆಯುವವರು ವಿರಳ.

ಅದೇ ವರ್ಷ ಡೊನಾಲ್ಡ್ ಫಾರ್ಲೆ ಮತ್ತು ಆಸ್ಕರ್ ಬುನೆಮನ್ ಪ್ರತ್ಯೇಕವಾಗಿ ಇನ್ನೊಂದನ್ನು ಕಂಡುಕೊಂಡರು. ಫಾರ್ಲೆ ಮುಂದೆ ಇದೇ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಸುಮಾರು 100 ಕಿಲೋಮೀಟರ್ ಎತ್ತರದ ಅಯಾನುಮಂಡಲದಲ್ಲಿ ಭಾರವಾದ ಅಯಾನುಗಳು ಗಾಳಿಯ ಅಣುಗಳಿಗೆ ತಾಗಿ ಹಿಂದುಳಿಯುತ್ತವೆ. ಹಗುರವಾದ ಎಲೆಕ್ಟ್ರಾನುಗಳು ಮುಂದೋಡುತ್ತವೆ. ಈ ಅಂತರ ಅಲ್ಲಿಯ ಪ್ಲಾಸ್ಮಾದ ಶಬ್ದವೇಗವನ್ನು ಮೀರಿತೆಂದರೆ ಪ್ರವಾಹ ಪ್ರಕ್ಷುಬ್ಧವಾಗಿ, ಕೆಲವೇ ಮೀಟರು ಉದ್ದದ ಅಲೆಗಳಾಗಿ ಒಡೆಯುತ್ತದೆ. ಆದರೆ ಆ ಅಲೆಗಳು ಮಿತಿಯಿಲ್ಲದೆ ಬೆಳೆಯುವುದಿಲ್ಲ. ಎಲೆಕ್ಟ್ರಾನುಗಳನ್ನು ಕಾಯಿಸಿ, ವಿದ್ಯುತ್ತು ಹರಿಯುವ ಬಗೆಯನ್ನೇ ಬದಲಿಸಿ, ತಮ್ಮ ವೇಗವನ್ನು ಆ ಶಬ್ದವೇಗದ ಆಸುಪಾಸಿಗೇ ತಂದುಕೊಳ್ಳುತ್ತವೆ. ಕ್ಷೋಭೆಯೇ ತನಗೆ ಲಗಾಮು ಹಾಕಿಕೊಳ್ಳುತ್ತದೆ. ಹೃತ್ಕುಕ್ಷಿಯ ಕಂಪನಕ್ಕೆ ಬಿದ್ದ ಹೃದಯ ಹೀಗೆ ತಾನಾಗಿ ಲಯಕ್ಕೆ ಮರಳಿದ್ದನ್ನು ನಾನು ಕಂಡಿಲ್ಲ. ನಾವೇ ಆಘಾತ ಕೊಟ್ಟು ಮರಳಿಸಬೇಕು.

ಆದರೂ ಆ ಲಗಾಮು ನಮ್ಮ ತಂತಿಗಳನ್ನು ಕಾಯುವುದಿಲ್ಲ. ಮೇಲಣ ಪ್ರವಾಹ ಏರಿಳಿದಂತೆ ಕಾಂತಕ್ಷೇತ್ರ ಬದಲಾಗಿ, ಕೆಳಗೆ ನೆಲದಲ್ಲಿಯೂ ಉದ್ದನೆಯ ತಂತಿಗಳಲ್ಲಿಯೂ ವಿದ್ಯುತ್ತು ಹರಿಯುತ್ತದೆ. 1989ರ ಮಾರ್ಚ್ 13ರಂದು ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಉಳಿದರು. ಅದೇ ಬಿರುಗಾಳಿ ನಮ್ಮ ನ್ಯೂಜೆರ್ಸಿಯ ಸೇಲಂ ಅಣುಸ್ಥಾವರದ ಟ್ರಾನ್ಸ್‌ಫಾರ್ಮರೊಂದನ್ನು ಸುಟ್ಟು ಕೆಡಿಸಿತು.

2024ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ಕ್ಯಾಮೆರಾಗಳು ಲಡಾಖಿನ ಹಾನ್ಲೆಯಲ್ಲಿ ಕೆಂಪು ಪ್ರಭೆಯನ್ನು ಸೆರೆಹಿಡಿದವು. ಅಕ್ಟೋಬರ್ 10ರ ಸಂಜೆ ಅದೇ ಕೆಂಪು ನ್ಯೂಜೆರ್ಸಿಯಲ್ಲಿ ನಮ್ಮ ಹಿತ್ತಲಿನ ಮೇಲೆ ಹರಡಿತು. ಮನೆಯ ದೀಪಗಳು ಉರಿಯುತ್ತಲೇ ಇದ್ದವು. ಆಕಾಶ ಚೆನ್ನಾಗಿ ಕಾಣಲೆಂದು ನನ್ನ ಪತ್ನಿಯೇ ಹೋಗಿ ಒಂದೊಂದಾಗಿ ಆರಿಸಿ ಬಂದಳು.